ನುಣ್ಣಗೋ, ತರಿಯೋ?

ಬಾಳ್ಳುಪೇಟೆಯ ಗಂಗಾಮಣಮ್ಮನವರ ತಲೆ ಯಾವ ವರ್ಷ ನೆರೆಯಿತು ಎಂದು ಯಾರಿಗೂ ಗೊತ್ತಿಲ್ಲ. ನಾವು ಕಂಡಾಗಿನಿಂದಲೂ ಅದು ಬೆಳ್ಳಗೇ ಇದೆ. ಹೈವೇ ಬಿಟ್ಟು ಒಳಗೆ ತಿರುಗುವ ಸಣ್ಣ ರಸ್ತೆಯಲ್ಲಿ ಅವರದೊಂದು ಹಿಟ್ಟಿನ ಮಿಲ್ಲು. ಬೆಳಗ್ಗೆ ಒಳಗೆ ಹೋದವರು ಸಂಜೆ ಹೊರಗೆ ಬರುವಾಗ ಮೈಮೇಲೆ ಅಕ್ಕಿಯದೊಂದು ಪದರ, ರಾಗಿಯದೊಂದು ಪದರ. ವಯಸ್ಸೆಷ್ಟು ಎಂದು ಯಾರಾದರೂ ಕೇಳಿದರೆ, ಒದರಿ ನೋಡಬೇಕು ಎನ್ನುತ್ತಾರೆ.

ಅಂಥ ಹೆಂಗಸಿನ ಬಗ್ಗೆ ಬರೆಯುವುದೇನಿದೆ ಎಂದು ನಮ್ಮ ಯಜಮಾನರು ಕೇಳಿದರು. ಇವರು ಕೇಳುವುದೇ ಹೀಗೆ. ನಮ್ಮ ಮನೆಯಲ್ಲಿ ಹದಿನೈದು ವರ್ಷದ ಒಬ್ಬಳು ಹುಡುಗಿ ಹಾಸನದ ಹೈಸ್ಕೂಲಿನಿಂದ ಬಂದವಳೇ ಚೀಲ ಎಸೆದು, ಅಪ್ಪನ ಜೊತೆ ಜಗಳ ಆಡುತ್ತಾಳಲ್ಲ, ಬಾಯಿಬಿಟ್ಟು ಜಗಳ ಆಡುತ್ತಾಳಲ್ಲ, ಅದು ಆ ಮಿಲ್ಲಿನಿಂದ ಬಂದ ಭಾಗ್ಯ. ಅದನ್ನು ಬರೆಯದಿದ್ದರೆ ನನಗೆ ಅನ್ನ ಸೇರುವುದಿಲ್ಲ.

ಮಿಲ್ಲಿನ ಮೋಟಾರು ಶುರುವಾದರೆ ಒಳಗೆ ಮಾತು ನಡೆಯುವುದಿಲ್ಲ. ಅದಕ್ಕೇ ಅಲ್ಲಿ ಎಲ್ಲರೂ ಕೈಯಲ್ಲಿ ಮಾತಾಡುತ್ತಾರೆ. ಹೆಬ್ಬೆರಳನ್ನು ಎರಡು ಬೆರಳಿಗೆ ಉಜ್ಜಿದರೆ ನುಣ್ಣಗೆ, ಅಂದರೆ ಮುದ್ದೆಗೆ. ಬೆರಳ ತುದಿಗಳನ್ನು ಕೂಡಿಸಿ ಕಾಳು ಉದುರಿಸಿದ ಹಾಗೆ ಬಿಡಿಸಿದರೆ ತರಿ, ಅಂದರೆ ಕಡುಬಿಗೆ. ಮಣಿಕಟ್ಟು ತಟ್ಟಿದರೆ ಬಸ್ಸಿಗೆ ಹೊತ್ತಾಯಿತು, ನನ್ನದು ಮೊದಲು ಹಾಕು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಸುತ್ತಲ ಹಳ್ಳಿಯವರಿಗೆಲ್ಲ ಬರುತ್ತದೆ.

ಮೋಟಾರಿನ ಮುಂದೆ ನಿಲ್ಲುವವನು ಗಂಗಾಮಣಮ್ಮನವರ ಮಗ ಅರುಣ್. ಹುಟ್ಟಿನಿಂದ ಅವನಿಗೆ ಕಿವಿ ಕೇಳಿಸುವುದಿಲ್ಲ, ಮಾತೂ ಇಲ್ಲ. ಇದು ವರ್ಷಗಟ್ಟಲೆ ಗಿರಾಕಿಗಳಾಗಿದ್ದವರಿಗೂ ತಿಳಿದಿರಲಿಲ್ಲ. ಆಲೂರಿನ ಕಡೆಯವರೊಬ್ಬರು ತಮ್ಮ ಹುಡುಗಿಗೆ ಇವನನ್ನು ಕೇಳಲು ಬಂದಿದ್ದರಂತೆ, ಹುಡುಗ ಗಂಭೀರ, ಹೆಚ್ಚು ಮಾತಿಲ್ಲ ಎಂದು ಮೆಚ್ಚಿಕೊಂಡು.

ನಾವು ಮಗ್ಗೆಯ ಹತ್ತಿರದವರು. ಯಜಮಾನರು ರವಿ, ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರ್. ಮನೆಯ ಯಜಮಾನಿಕೆ ಮಾತ್ರ ನಮ್ಮ ಅತ್ತೆ ತಾಯಮ್ಮನವರದು. ತೊಂಬತ್ತಾರನೇ ಇಸವಿಯಲ್ಲಿ ನಮ್ಮ ರಶ್ಮಿತಾಗೆ ಮೂರು ವರ್ಷ ತುಂಬಿ ಕೆಲವು ತಿಂಗಳಾಗಿತ್ತು. ಒಂದು ಮಾತೂ ಬಂದಿರಲಿಲ್ಲ. ನನಗೆ ಅದೇ ಚಿಂತೆ. ಅತ್ತೆಗೆ ಅಂಥದ್ದೇನೂ ಇರಲಿಲ್ಲ. ಇವಳ ಅಪ್ಪನೂ ಐದು ವರ್ಷದವರೆಗೆ ತುಟಿ ಬಿಚ್ಚಿರಲಿಲ್ಲ, ನಮ್ಮ ವಂಶಕ್ಕೇ ಮಾತು ತಡ ಎನ್ನುತ್ತಿದ್ದರು. ಬಾಗಿಲು ಧಡಾರನೆ ಹಾಕಿದರೆ ಮಗು ತಿರುಗಿ ನೋಡುತ್ತಿತ್ತು, ಹಾಗಾಗಿ ಕಿವಿಯ ಮೇಲೆ ನಮಗೆ ಅನುಮಾನವೇ ಬರಲಿಲ್ಲ. ಬಾಗಿಲು ಹಾಕಿದಾಗ ನೆಲ ಅದುರುತ್ತದೆ ಎಂದು ಯಾರು ಯೋಚಿಸಿದ್ದರು? ತಡ ಅಷ್ಟೇ ಎನ್ನುತ್ತಲೇ, ಬೇಗ ಮಾತು ಬರಲಿ ಎಂದು ಅತ್ತೆ ಹೊತ್ತ ಹರಕೆಗಳನ್ನೆಲ್ಲ ತೀರಿಸಲು ಹೊರಟರೆ ಒಂದು ಬಸ್ಸೇ ಮಾಡಬೇಕಿತ್ತು.

ಒಂದು ಸಂತೆಯ ದಿನ ರಾಗಿ ಡಬ್ಬ ಹೊತ್ತು, ಮಗುವನ್ನು ಕರೆದುಕೊಂಡು ಮಿಲ್ಲಿಗೆ ಹೋದೆ. ಮೋಟಾರು ಹಾಕಿದೊಡನೆ ಅಲ್ಲಿದ್ದ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡು ತಾಯಂದಿರ ಸೆರಗಿಗೆ ನುಗ್ಗಿದವು. ನಮ್ಮದು ಮಾತ್ರ ಡಬ್ಬದ ಮೇಲೆ ಅಂಗೈ ಇಟ್ಟು, ಅದು ಅದುರುವುದಕ್ಕೆ ನಗುತ್ತ ನಿಂತಿತ್ತು. ಗಂಗಾಮಣಮ್ಮ ಅದನ್ನೇ ನೋಡುತ್ತಿದ್ದರು. ಆಮೇಲೆ ಕಬ್ಬಿಣದ ಸೇರು ತೆಗೆದುಕೊಂಡು ಮಗುವಿನ ಬೆನ್ನ ಹಿಂದೆ ಒಂದು ಖಾಲಿ ಡಬ್ಬವನ್ನು ಬಲವಾಗಿ ಬಡಿದರು. ನಾನು ಬೆಚ್ಚಿದೆ. ಅವಳು ತಿರುಗಲಿಲ್ಲ.

ಅವರು ನನ್ನ ಕಿವಿಯ ಹತ್ತಿರ ಬಂದು, ಆ ಸದ್ದಿನಲ್ಲಿ ನನಗೊಬ್ಬಳಿಗೇ ಕೇಳಲಿ ಎಂದು ಗಂಟಲೆತ್ತಿ ಕೂಗಿದರು. ಕರೆಂಟು ಹೋಗಬೇಕಾದದ್ದು ಆಗಲೇ. ಮೋಟಾರು ಉಸಿರು ಬಿಟ್ಟು ಸುಮ್ಮನಾಯಿತು, ಅವರ ಮಾತು ಮಾತ್ರ ನಿಲ್ಲಲಿಲ್ಲ.

"ಮಗೀಗೆ ಕಿವಿ ಕೇಳ್ಸಲ್ವೇನವ್ವಾ?"

ಇಡೀ ಮಿಲ್ಲು ತಿರುಗಿ ನೋಡಿತು. ನಮ್ಮ ಕಡೆ ಮಿಲ್ಲಿನಲ್ಲಿ ಕರೆಂಟು ಹೋಗಿ ಬಯಲಾದ ಗುಟ್ಟುಗಳು ಒಂದೆರಡಲ್ಲ, ಮದುವೆಗಳೇ ಮುರಿದಿವೆ. ಆದರೆ ಆವತ್ತು ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಗಂಗಾಮಣಮ್ಮನವರ ಮುಖವೂ ಸಣ್ಣಗಾಯಿತು. ನನ್ನ ಕೈ ಹಿಡಿದು ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದರು. ಅರುಣನ ವಿಷಯ ನನಗೆ ಗೊತ್ತಾದದ್ದು ಅಲ್ಲಿಯೇ. ಅವನನ್ನು ಮೈಸೂರಿನ ಕಿವಿ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಒಂಬತ್ತು ವರ್ಷವಾಗಿತ್ತಂತೆ. ಎಳೆಯದರಲ್ಲೇ ತಂದಿದ್ದರೆ ಕಿವಿಗೆ ಮಿಷನ್ ಹಾಕಿ ಮಾತು ಕಲಿಸಬಹುದಿತ್ತು, ಐದು ದಾಟಿದರೆ ಕಷ್ಟ, ಇನ್ನು ಒಂಬತ್ತು ಅಂದರೆ ಎಂದು ಅಲ್ಲಿಯ ಡಾಕ್ಟರಮ್ಮ ಇವರ ಕೈ ಹಿಡಿದು ತಿಳಿಸಿ ಹೇಳಿದ್ದರಂತೆ.

"ಅಲ್ಲೀಗಂಟ ನಂಗೆ ಯಾರೂ ಹೇಳ್ಲಿಲ್ಲ ಕಣವ್ವ," ಅಂದರು. "ಹೇಳಿದ್ರೆ ನಾನು ಬೈದೇ ಬೈತಿದ್ದೆ. ಬೈಸ್ಕಂಡಾದ್ರೂ ಯಾರಾದ್ರೂ ಹೇಳ್ಬೇಕಿತ್ತು."

ನನ್ನ ಮಗುವಿಗೆ ಐದು ತುಂಬಲು ಇನ್ನು ಒಂದೂವರೆ ವರ್ಷವೂ ಇರಲಿಲ್ಲ.

ಬಸ್ಸಿಳಿದು ನಾನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಅತ್ತೆ ಜಗಲಿಯಲ್ಲೇ ನಿಂತಿದ್ದರು. ತುಂಬಿದ ಮಿಲ್ಲಿನಲ್ಲಿ ಎಳೆಕೂಸಿಗೆ ಕಿವುಡಿ ಎಂದವಳ ನಾಲಿಗೆ ಬಿದ್ದುಹೋಗಲಿ ಎಂದರು. ಇನ್ನು ಆ ಮಿಲ್ಲಿನ ಹೊಸಲು ತುಳಿಯಕೂಡದು ಎಂದರು. ನಾನು ಮೈಸೂರಿನ ಮಾತೆತ್ತಿದರೆ, ಇಲ್ಲದ ಕಾಯಿಲೆಗೆ ಔಷಧಿ ಹುಡುಕುತ್ತೀಯಾ ಎಂದರು. ಯಜಮಾನರು ಒಮ್ಮೆ ತಾಯಿಯ ಮುಖ, ಒಮ್ಮೆ ನನ್ನ ಮುಖ ನೋಡಿ, ಕಾಫಿ ಕೊಯ್ಲು ಮುಗಿಯಲಿ ಎಂದರು. ಕೊಯ್ಲು ಮುಗಿಯಿತು, ಮೆಣಸು ಬಂತು. ಮೆಣಸು ಮುಗಿಯಿತು, ಇನ್ನೇನೋ ಬಂತು. ನಾನು ಮಗು ಮಲಗಿದಾಗ ಅದರ ಕಿವಿಯ ಹತ್ತಿರ ಚಿಟಿಕೆ ಹೊಡೆದು ಹೊಡೆದು ನೋಡುತ್ತಿದ್ದೆ.

ನನ್ನನ್ನು ಕಾಪಾಡಿದ್ದು ಮುದ್ದೆ. ಬಾಳ್ಳುಪೇಟೆ ಬಿಟ್ಟ ಮೇಲೆ ಇನ್ನೊಂದು ಮಿಲ್ಲಿಗೆ ರಾಗಿ ಕಳಿಸುತ್ತಿದ್ದೆವು. ಅಲ್ಲಿಯ ಬೀಸುವ ಕಲ್ಲಿಗೆ ಉಳಿ ಹೊಡೆದು ಹರಿತ ಮಾಡಿ ಎಷ್ಟು ಕಾಲವಾಗಿತ್ತೋ, ಹಿಟ್ಟೆಲ್ಲ ಗರಗರ. ಅತ್ತೆಗೆ ಮುಂದಿನ ಹಲ್ಲಿಲ್ಲ, ಮುದ್ದೆ ಬೆಣ್ಣೆಯ ಹಾಗೆ ಜಾರಬೇಕು. ದಿನಾ ತಟ್ಟೆಯ ಮುಂದೆ ಕುಳಿತು ನನ್ನ ಕೈಗುಣವನ್ನು ಬೈಯುವುದು. ಕೊನೆಗೊಂದು ದಿನ ತಾವೇ ಡಬ್ಬ ತೊಳೆದಿಟ್ಟರು. ಬಾಳ್ಳುಪೇಟೆಗೆ ನಾನೇ ಬರುತ್ತೇನೆ, ಹಿಟ್ಟೂ ಆಗಲಿ, ಅವಳ ಮುಖದ ನೀರಿಳಿಸಿದ ಹಾಗೂ ಆಗಲಿ ಎಂದರು. ಮಗುವನ್ನೂ ಕರೆದುಕೊಂಡು ಹೊರಟೆವು.

ಮಿಲ್ಲಿನ ಬಾಗಿಲಲ್ಲಿ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಾಯಿ ತೆರೆದರು. ಒಳಗೆ ಮೋಟಾರು ಭೋರೆನ್ನುತ್ತಿತ್ತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಬೈಗುಳವೆಲ್ಲ ಅದರಲ್ಲಿ ಅರೆದುಹೋಯಿತು. ಗಂಗಾಮಣಮ್ಮ ಕಿವಿಗೆ ಕೈಯಿಟ್ಟು ಕೇಳಿಸುತ್ತಿಲ್ಲವೆಂದು ತಲೆಯಾಡಿಸಿದರು. ಡಬ್ಬ ಇಳಿಸಿಕೊಂಡು, ಎಂದಿನಂತೆ ಕೈಯಲ್ಲೇ ಕೇಳಿದರು. ನುಣ್ಣಗೋ, ತರಿಯೋ?

ಅತ್ತೆ ಇನ್ನೂ ಸ್ವಲ್ಪ ಹೊತ್ತು ಕೂಗಿದರು. ಆಮೇಲೆ ಸಾಕಾಗಿ ಹೆಬ್ಬೆರಳು ಉಜ್ಜಿ ತೋರಿಸಿದರು. ಅಷ್ಟು ಸಾಲದೆಂದು ಎರಡೂ ಕೈಯಲ್ಲಿ ಉಜ್ಜಿದರು, ಹುಬ್ಬೇರಿಸಿದರು, ಬಾಯಗಲಿಸಿ ಹಲ್ಲಿಲ್ಲದ ವಸಡು ತೋರಿಸಿದರು. ಅರುಣ್ ನಕ್ಕು ತನ್ನ ಹಲ್ಲು ಮುಟ್ಟಿಕೊಂಡು, ಅರ್ಥವಾಯಿತು ಎಂದು ತಲೆಯಾಡಿಸಿದ. ಅತ್ತೆಗೂ ನಗು ತಡೆಯಲಾಗಲಿಲ್ಲ. ರಶ್ಮಿತಾ ಅಜ್ಜಿಯ ಕೈ ನೋಡುತ್ತಾಳೆ, ಅರುಣನ ಕೈ ನೋಡುತ್ತಾಳೆ, ಮತ್ತೆ ಅಜ್ಜಿಯ ಕೈ ನೋಡುತ್ತಾಳೆ. ಮನೆಯಲ್ಲಿ ಇಷ್ಟು ದಿನ ನಾವೆಲ್ಲ ಅವಳ ಮುಂದೆ ಸುಮ್ಮನೆ ತುಟಿ ಅಲ್ಲಾಡಿಸುತ್ತಿದ್ದೆವು, ಅಷ್ಟೇ.

ಆ ದಿನ ಊಟಕ್ಕೆ ಹೊಸ ಹಿಟ್ಟಿನ ಮುದ್ದೆ. ಮಗು ಒಂದು ತುತ್ತು ನುಂಗಿತು. ಅಜ್ಜಿಯ ಕಡೆ ತಿರುಗಿ ಪುಟ್ಟ ಹೆಬ್ಬೆರಳನ್ನು ಬೆರಳಿಗೆ ಉಜ್ಜಿತು. ದುಡ್ಡು ಕೇಳುವುದಕ್ಕೂ ಹಾಗೇ ತಾನೇ ಉಜ್ಜುವುದು? ನೋಡೇ, ಗೇಣುದ್ದ ಇಲ್ಲ, ಪೆಪ್ಪರ್‌ಮಿಂಟಿಗೆ ಕಾಸು ಕೇಳ್ತಾಳೆ ಎಂದು ಅತ್ತೆ ಎಲೆಅಡಿಕೆ ಚೀಲದಿಂದ ನಾಲ್ಕಾಣೆ ತೆಗೆದು ಕೊಟ್ಟರು. ಮಗು ನಾಣ್ಯವನ್ನು ಪಕ್ಕಕ್ಕಿಟ್ಟಿತು. ತಟ್ಟೆಯ ಮುದ್ದೆಯನ್ನು ಮುಟ್ಟಿ ಮತ್ತೆ ಉಜ್ಜಿತು. ಅತ್ತೆಗೆ ತಿಳಿಯಲಿಲ್ಲ. ಆಗ ಮಗು ಎದ್ದುಹೋಗಿ ಅಜ್ಜಿಯ ಬಾಯಿಯನ್ನು ಎರಡು ಬೆರಳಿಂದ ಅಗಲಿಸಿ, ಹಲ್ಲಿಲ್ಲದ ವಸಡಿನ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಉಜ್ಜಿ ತೋರಿಸಿತು. ನುಣ್ಣಗಿದೆ. ನಿನಗೆ ಬೇಕಾದ ಹಾಗಿದೆ.

ಅದು ನನ್ನ ಮಗಳ ಮೊದಲ ಮಾತು.

ಅತ್ತೆ ಹಿಡಿದ ತುತ್ತನ್ನು ತಟ್ಟೆಗೆ ಹಾಕಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಮೊಮ್ಮಗಳ ಹತ್ತಿರ ಹೇಳುವ ಮಾತು ಎಷ್ಟೊಂದು ಇದೆ, ಅವಳಿಗೆ ಕೇಳಿಸುವುದು ಮಾತ್ರ ಇಲ್ಲ ಎಂದು ಅವರಿಗೆ ಆಗ ಗೊತ್ತಾಗಿರಬೇಕು. ನನ್ನ ಮುಖ ನೋಡದೆ ಹೇಳಿದರು:

"ಲಕ್ಷ್ಮೀ, ಮೈಸೂರಿಗೆ ಬಸ್ಸು ಎಷ್ಟೊತ್ತಿಗೈತೆ ಅಂತ ಆ ಮಿಲ್ಲಿನೋಳ್ನ ಕೇಳು."

ಮಿಲ್ಲಿನವರಿಗೆ ಬಸ್ಸೊಂದೇ ಅಲ್ಲ, ಎಲ್ಲ ಗೊತ್ತಿತ್ತು. ಹಾಸನದಲ್ಲಿ ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ಮೈಸೂರಿನಲ್ಲಿ ಯಾವ ಮಠದಲ್ಲಿ ಊಟಕ್ಕೂ ತಂಗುವುದಕ್ಕೂ ತೊಂದರೆಯಿಲ್ಲ, ಆಸ್ಪತ್ರೆಯಲ್ಲಿ ಮೊದಲು ಯಾರನ್ನು ಕಾಣಬೇಕು, ಮಿಷನ್ ಕಮ್ಮಿ ಬೆಲೆಗೆ ಸಿಗಬೇಕಾದರೆ ಏನು ಕೇಳಬೇಕು. ದಾರಿಗೆಂದು ಹುರಿಹಿಟ್ಟನ್ನೂ ಕಟ್ಟಿಕೊಟ್ಟರು. ಎಲ್ಲಕ್ಕಿಂತ ದೊಡ್ಡ ಬುದ್ಧಿಮಾತು ಬಸ್ಸು ಹತ್ತುವಾಗ ಹೇಳಿದ್ದು.

"ತೋರಿಸ್ಕಂಡು ಬರಾದಲ್ಲ ಕಣವ್ವ. ಅಲ್ಲೇ ಇದ್ದು ಕಲ್ತ್ಕಂಡು ಬರಾದು."

ಕಲಿತೆವು. ಅತ್ತೆ ಬರುವುದಿಲ್ಲ ಎನ್ನುತ್ತಲೇ ಬಂದರು. ಮಗುವಿನ ಮುಖಕ್ಕೆ ಮುಖ ಕೊಟ್ಟು ಹೇಗೆ ಮಾತಾಡಬೇಕು, ಒಂದೇ ಮಾತನ್ನು ಬೇಸರವಿಲ್ಲದೆ ಎಷ್ಟು ಸಲ ಹೇಳಬೇಕು ಎಂದು ಅಲ್ಲಿಯ ಟೀಚರುಗಳು ನಮ್ಮಿಬ್ಬರಿಗೂ ಕಲಿಸಿದರು. ಅವರಿಗೂ ದೇವರು ಒಳ್ಳೆಯದು ಮಾಡಲಿ. ಹೇಳಿದ್ದನ್ನೇ ಹೇಳುವುದರಲ್ಲಿ ನಮ್ಮ ಅತ್ತೆಗೆ ಮೊದಲೇ ಅಭ್ಯಾಸವಿತ್ತು, ಅವರೇ ಕ್ಲಾಸಿಗೆ ಮೊದಲು. ಮಿಷನ್ ಅಂದರೆ ಆಗ ಎದೆಯ ಮೇಲೆ ತೂಗುವ ಬೆಂಕಿಪೊಟ್ಟಣದಂಥ ಡಬ್ಬಿ, ಅಲ್ಲಿಂದ ಕಿವಿಗೆ ವೈರು. ಅತ್ತೆ ತಮ್ಮ ಹಳೇ ರೇಷ್ಮೆ ರವಿಕೆ ಕತ್ತರಿಸಿ ಅದಕ್ಕೊಂದು ಜೇಬು ಹೊಲಿದರು. ವರ್ಷ ಕಳೆಯುವುದರೊಳಗೆ ಒಂದು ಬೆಳಗ್ಗೆ, ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದ ಅತ್ತೆಯ ಬೆನ್ನ ಹಿಂದೆ ನಿಂತು ಮಗು "ಅದ್ದಿ" ಅಂದಿತು. ಅಜ್ಜಿ ಅಂದದ್ದು. ಹೆತ್ತವಳು ನಾನು, ಮಠದ ಸಾರು ಉಂಡವಳು ನಾನು, ಮೊದಲು ಕರೆದದ್ದು ಅಜ್ಜಿಯನ್ನು. ಇರಲಿ. ನಾನು ಅಡುಗೆಮನೆಯಲ್ಲಿ ಕೂತು ಸಾಕಾಗುವಷ್ಟು ಕಣ್ಣೀರು ಹಾಕಿದೆ.

ಆಮೇಲಿನ ವರ್ಷಗಳಲ್ಲಿ ನಾವು ಕಂಡ ಹಾಗೇ ಎಷ್ಟೋ ಜನ ಆ ಹಿಂದಿನ ಅಂಗಳಕ್ಕೆ ಬಂದು ಹೋದರು. ಬಿಸಿಲೆ ಕಡೆಯಿಂದ ಭೂತಯ್ಯ ಎಂಬವರು ನಡೆಯಲಾರದ ಮಗನನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಕಾಲಿನ ವಿಷಯ ಗಂಗಾಮಣಮ್ಮನವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಕಳಿಸುವ ಜನ ಅವರಲ್ಲ. ಹಿಟ್ಟಿಗೆ ಬಂದವರನ್ನೆಲ್ಲ ವಿಚಾರಿಸಿ, ಹಾಸನದಲ್ಲಿ ಕಾಲಿನ ವ್ಯಾಯಾಮ ಕಲಿಸುವವರನ್ನು ಪತ್ತೆ ಮಾಡಿ, ಹೋಗಿಬರಲು ಗುರುತಿನ ಲಾರಿಯವರಿಗೆ ಹೇಳಿಟ್ಟರು. ಎಷ್ಟೋ ಜನ ಮೊದಲ ಸಲ ಬೈದುಕೊಂಡೇ ಹೋದರು. ಹೆಚ್ಚಿನವರು ತಿರುಗಿ ಬಂದರು. ಆದರೆ ನನ್ನ ಪ್ರಸಂಗದ ನಂತರ ಅವರು ಯಾರ ಕಿವಿಯಲ್ಲೂ ಕೂಗಿ ಹೇಳಿದ್ದಿಲ್ಲ, ಕೈ ಹಿಡಿದು ಹಿಂದಕ್ಕೆ ಕರೆದುಕೊಂಡು ಹೋಗಿಯೇ ಹೇಳುವುದು.

ಇಷ್ಟೆಲ್ಲ ಆದರೂ ನಮ್ಮ ಅತ್ತೆ ಮಾತ್ರ ಅವರಿಗೆ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಬೈಯಲು ಹೋದವರು ಹೊಗಳುವುದು ಹೇಗೆ? ಮಗು ಅಜ್ಜಿ ಅಂದ ವಾರವೇ ನನ್ನ ಜೊತೆ ಮಿಲ್ಲಿಗೆ ಬಂದರು. ಮೋಟಾರು ಶುರುವಾಗುವವರೆಗೆ ಹೊರಗೇ ಸುಳಿದಾಡಿದರು. ಅದು ಜೋರು ಹಿಡಿದ ಮೇಲೆ ಒಳಗೆ ಹೋಗಿ, ಗಂಗಾಮಣಮ್ಮನವರ ಎದುರು ನಿಂತು ಏನೋ ಅಂದರು. ತುಟಿ ಅಲ್ಲಾಡಿದ್ದು ಕಂಡಿತು. ಗಂಗಾಮಣಮ್ಮ ಕಿವಿಗೆ ಕೈ ಇಟ್ಟರು. ಅತ್ತೆ ಏನೂ ಇಲ್ಲವೆಂದು ಕೈಯಾಡಿಸಿ ಡಬ್ಬ ಎತ್ತಿಕೊಂಡರು. ಆವತ್ತು ಮಾತ್ರ ಕರೆಂಟು ಹೋಗಲಿಲ್ಲ. ಬಸ್ಸಿನಲ್ಲಿ ನಾನು ಕೆದಕಿ ಕೇಳಿದರೆ, ನುಣ್ಣಗೆ ಮಾಡಿದೀಯಾ ಅಂತ ಕೇಳಿದೆ ಅಂದರು.

ಮುಂದಿನ ಸಂತೆಗೆ ನಾನೊಬ್ಬಳೇ ಹೋಗಿದ್ದೆ. ಗಂಗಾಮಣಮ್ಮ ನನ್ನನ್ನು ಅಂಗಳಕ್ಕೆ ಕರೆದರು. ಅರುಣ್ ಹಿಂದೆಯೇ ಬಂದು ನಿಂತ. ವರ್ಷಗಟ್ಟಲೆ ಆ ಸದ್ದಿನಲ್ಲಿ ಜನರ ಬಾಯಿ ನೋಡಿ ನೋಡಿ, ಯಾರಿಗೂ ಕೇಳಿಸದ ಮಾತು ಅವನಿಗೆ ತಿಳಿಯುತ್ತದೆ. ಅವನು ತನ್ನ ಹಲ್ಲು ಮುಟ್ಟಿ ನಮ್ಮ ಅತ್ತೆ ಎಂದು ತೋರಿಸಿದ, ಎದೆಯ ಮೇಲೆ ಮಿಷನ್ನಿನ ಡಬ್ಬಿಯ ಹಾಗೆ ಮುಷ್ಟಿಯಿಟ್ಟು ರಶ್ಮಿತಾ ಎಂದು ತೋರಿಸಿದ. ಆ ಕೈಮಾತನ್ನು ಅವನ ತಾಯಿ ನನಗೆ ಬಾಯಿಮಾತು ಮಾಡಿ ಹೇಳಿದರು.

"ನೀನು ಬಾಯ್ಬುಟ್ಟಿದ್ಕೆ ನನ್ ಮೊಮ್ಮಗ್ಳು ನನ್ನ ಅಜ್ಜಿ ಅಂದ್ಲು ಕಣವ್ವ, ಅಂದ್ರಂತೆ ನಿಮ್ಮತ್ತೆ."

ಹೇಳಿ, ಹಿಟ್ಟಿನ ಸೆರಗಿನಲ್ಲೇ ಕಣ್ಣೊರೆಸಿಕೊಂಡರು. ಕೆನ್ನೆಯ ಮೇಲೆಲ್ಲ ಅಂಬಲಿಯಾಯಿತು. ಅರುಣ್ ಅದನ್ನು ತೋರಿಸಿ ನಕ್ಕ, ಹೆಬ್ಬೆರಳನ್ನು ಬೆರಳಿಗೆ ಉಜ್ಜಿ ತಾಯಿಯ ಮುಖಕ್ಕೆ ಹಿಡಿದ.