ಅಲ್ಲಾಡುವ ಕಿಟಕಿ

ನನ್ನ ಲ್ಯಾಪ್‌ಟಾಪಿನಲ್ಲಿ ಈಗ ಯಾವ ಅಲಂಕಾರವೂ ಇಲ್ಲ. ಪರದೆಯ ಮೇಲಿನ ಕಿಟಕಿ ಎಳೆದರೆ ಸರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ, ಅಷ್ಟೆ. ಅಕ್ಕನ ಮಗಳು ಬಂದು, “ಏನಾದ್ರೂ ಹೊಸದು ಹಾಕ್ಲಾ ಚಿಕ್ಕಮ್ಮ?” ಎಂದರೆ ಮೌಸನ್ನೇ ಕಿತ್ತಿಟ್ಟುಕೊಳ್ಳುತ್ತೇನೆ.

ಕಗ್ಗದಾಸಪುರದ ಮನೆಯಲ್ಲಿ ಒಬ್ಬಳೇ ಕೂತು ಶಿವಾಜಿನಗರದ ಪ್ರೆಸ್ಸೊಂದಕ್ಕೆ ಮದುವೆ ಕಾರ್ಡು ಜೋಡಿಸುವುದು ನನ್ನ ಕೆಲಸ. ಹಳೇ ಲ್ಯಾಪ್‌ಟಾಪು ಏದುಸಿರು ಬಿಡತೊಡಗಿದಾಗ ಇವಳೇ ಅದಕ್ಕೆ ಲಿನಕ್ಸ್ ಎಂಬ ಬೇರೆ ಸಿಸ್ಟಂ ಹಾಕಿಕೊಟ್ಟಳು. ಗರುಡಾಚಾರ್‌ಪಾಳ್ಯದ ಆಫೀಸಿನಲ್ಲಿ ಅವಳಿಗೆ ದಿನವಿಡೀ ಅದೇ ಕೆಲಸವಂತೆ. ಲಿನಕ್ಸಿನಲ್ಲಿ ಒಳಗಿನ ಕೆಲಸಕ್ಕೆ ಧಕ್ಕೆಯಾಗದ ಹಾಗೆ ಪರದೆಯ ರೂಪವನ್ನಷ್ಟೇ ಸೀರೆ ಬದಲಿಸಿದಂತೆ ಬದಲಿಸಬಹುದು. ಅವಳಿಗೆ ಅದೇ ಹುಚ್ಚು. ಬಂದಾಗಲೆಲ್ಲ ಪರದೆಗೆ ಒಂದು ಹೊಸ ವೇಷ! ಮೆನುವನ್ನೂ ಕನ್ನಡಕ್ಕೆ ತಿರುಗಿಸಿದ್ದಳು. ವಿಂಡೋ ಅಲ್ಲಿ ಕಿಟಕಿಯಾಗಿತ್ತು, ನನ್ನ ಬಾಯಲ್ಲೂ ಅದೇ ಕೂತುಬಿಟ್ಟಿತು.

ಈ ಲಿನಕ್ಸಿಗೂ ಮುಂಚಿನ ಮಾತು. ಹಲಸೂರು ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟು ಹಿಡಿದು ನಿಂತಿದ್ದೆ. ಅಂಗಡಿಸಾಲು ಓಲಾಡಿತು, ಬಿದ್ದೆ. ಕಣ್ಣು ಬಿಟ್ಟಾಗ ಆಸ್ಪತ್ರೆ. ಮೆದುಳಿಗೆ ರಕ್ತ ಸರಿಯಾಗಿ ಹೋಗಿರಲಿಲ್ಲವಂತೆ.

“ಈ ಸಲ ಬಚಾವಾದ್ರಿ. ಮತ್ತೆ ಹೀಗಾದ್ರೆ, ಸ್ವಲ್ಪ ಮಲಗಿ ನೋಡೋಣ ಅನ್ಬೇಡಿ. ತಕ್ಷಣ ಬಂದ್ಬಿಡಿ. ತಡ ಮಾಡಿದ್ರೆ ಕೈಕಾಲು ಹೋಗ್ಬಹುದು, ಮಾತೂ ಹೋಗ್ಬಹುದು” ಎಂದಿದ್ದರು ಡಾಕ್ಟರು.

ಅಂದಿನಿಂದ ತೂಗಾಡುವ ಬಲ್ಬು ಕಂಡರೂ ಎದೆ ಝಲ್ಲೆನ್ನುತ್ತಿತ್ತು. ಸಾಯುವುದಕ್ಕಲ್ಲ, ಒಬ್ಬಳೇ ಇದ್ದಾಗ ಮಾತು ನಿಂತುಹೋದರೆ ಯಾರನ್ನು ಕೂಗಲಿ ಎಂದು ಭಯ.

ಒಂದು ಸೋಮವಾರ ಬೆಳಿಗ್ಗೆ ಮರ್ಫಿ ಟೌನಿನವರ ಕಾರ್ಡು ಮಾಡುತ್ತಿದ್ದೆ. ಒಂದು ಕಿಟಕಿಯಲ್ಲಿ ಕನ್ನಡ, ಇನ್ನೊಂದರಲ್ಲಿ ತಮಿಳು. ತಮಿಳಿನದನ್ನು ಪಕ್ಕಕ್ಕೆ ಎಳೆದೆ. ಅದರ ಚೌಕಟ್ಟು ಸೊಟ್ಟಗಾಯಿತು. ಅಕ್ಷರಗಳೆಲ್ಲ ಬಳುಕಿದವು.

ಅಯ್ಯೋ ದೇವರೇ, ಬಂತು!

ಕಣ್ಣು ಮುಚ್ಚಿ ಮೇಜು ಹಿಡಿದುಕೊಂಡೆ. ನಾಲಗೆ ಹೊರಳುತ್ತದೆಯೇ ಎಂದು ನೋಡಲು ನನ್ನ ಹೆಸರನ್ನು ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಹೊರಳಿತು. ಅಕ್ಕನ ಮಗಳಿಗೆ ಫೋನು ಹಚ್ಚಿದೆ.

“ಕಿಟಕಿ ಅಲ್ಲಾಡ್ತಿದೆ ಕಣೇ!”

“ಏನು, ಭೂಕಂಪನಾ? ಇಲ್ಲೇನೂ ಆಗಿಲ್ವಲ್ಲ! ಹೊರಗೆ ಓಡಿ ಚಿಕ್ಕಮ್ಮ!”

“ಮನೇದಲ್ವೇ, ಕಂಪ್ಯೂಟರ್ ಕಿಟಕಿ! ಎಳೆದೆ, ಬಳುಕ್ತು. ನಂಗೆ ಮತ್ತೆ ಅದೇ ಬಂತು ಅನ್ಸತ್ತೆ.”

ಆ ಹುಡುಗಿ ಬಿದ್ದು ಬಿದ್ದು ನಕ್ಕಳು.

“ಅಯ್ಯೋ, ಅದು ನಾನೇ ಹಾಕಿದ್ದು! ನಿನ್ನೆ ಬಂದಿದ್ನಲ್ಲ? ಎಳೆದ್ರೆ ಜೆಲ್ಲಿ ಥರ ಕುಣಿಯತ್ತೆ. ಚೆನ್ನಾಗಿಲ್ವಾ?”

“ಚೆನ್ನಾಗಿದೆ ನಿನ್ ತಲೆ! ಜೀವ ಬಾಯಿಗೆ ಬಂದಿತ್ತು ಇಲ್ಲಿ. ತೆಗಿಯೇ ಮೊದ್ಲು ಆ ದರಿದ್ರನ!”

ಬೈದೆ, ಆದರೆ ಎಷ್ಟು ಖುಷಿಯಾಗಿತ್ತೆಂದರೆ ಕಣ್ಣಲ್ಲಿ ನೀರು. ಅವಳು ನಗುತ್ತಲೇ ದಾರಿ ಹೇಳಿದಳು. ಸೆಟ್ಟಿಂಗ್ಸಿಗೆ ಹೋಗಿ ಆ ಕುಣಿತದ ಮುಂದಿದ್ದ ಟಿಕ್ಕು ತೆಗೆದೆ. ತಮಿಳಿನ ಕಿಟಕಿಯನ್ನು ಮತ್ತೊಮ್ಮೆ ಎಳೆದೆ. ಹಲಗೆಯ ಹಾಗೆ ನೆಟ್ಟಗೆ ಸರಿಯಿತು. ಉಸಿರು ಬಿಟ್ಟು, ಮೌಸಿನಿಂದ ಕೈ ತೆಗೆದು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಸೆರಗು ಇಳಿಸಿದಾಗ ಕಾರ್ಡು ನಿಧಾನವಾಗಿ ಎಡಕ್ಕೆ ಜಾರುತ್ತಿತ್ತು. ಮೌಸು ಮುಟ್ಟಿರಲಿಲ್ಲ. ಅದರ ಹಿಂದೆಯೇ ಲ್ಯಾಪ್‌ಟಾಪೂ ಜಾರಿತು. ತಲೆಯೆತ್ತಿ ಗೋಡೆ ನೋಡಿದೆ. ಕಿಟಕಿಯ ಕಬ್ಬಿಣದ ಸರಳುಗಳು, ಆಚೆ ಎದುರುಮನೆಯ ಸಿಂಟೆಕ್ಸ್ ಟ್ಯಾಂಕು, ಎರಡೂ ಒಟ್ಟಿಗೆ ಓಲಾಡುತ್ತಿದ್ದವು.

“ನಿಂತ್ತಾ ಚಿಕ್ಕಮ್ಮ?” ಫೋನಿನಲ್ಲಿ ಅವಳಿನ್ನೂ ನಗುತ್ತಿದ್ದಳು.

“ಕಂಪ್ಯೂಟರ್‌ದು ನಿಂತಿದೆ ಕಣೇ,” ಎಂದೆ. ನಾಲಗೆ ದಪ್ಪವಾಗಿತ್ತು, ಸರಿಯಾಗಿ ಹೊರಳಲಿಲ್ಲ. “ಈಗ ಮನೇದು ಅಲ್ಲಾಡ್ತಿದೆ.”