ಹೊಗೆ ಕಾಯುತ್ತಿದ್ದ ಕಾಕು

ಕಾಕು ಅವರ ಮುಖ ಎರಡು ಬಣ್ಣದ್ದಾಗಿತ್ತು. ಹುಬ್ಬಿನಿಂದ ಕೆಳಗೆಲ್ಲ ಬಿಸಿಲಿಗೆ ಸುಟ್ಟು ಹಳೆ ಬೆಲ್ಲದ ಬಣ್ಣ. ಹುಬ್ಬಿನ ಮೇಲೆ ಅಂಗೈ ಅಗಲದ ಪಟ್ಟಿ ಮಾತ್ರ ಗೋಧಿಯ ಹಾಗೆ ತಿಳಿ. ವರ್ಷಗಟ್ಟಲೆ ಹಣೆಗೆ ಕೈ ಅಡ್ಡ ಹಿಡಿದು ದೂರ ನೋಡಿದವರಿಗೆ ಹಾಗಾಗುತ್ತದೆಂದು ನನಗೆ ಆಮೇಲೆ ತಿಳಿಯಿತು. ಪುಣೆಯಲ್ಲಿ ಹಲವು ಸಂಸಾರಗಳಿದ್ದ ನಮ್ಮ ವಾಡೆಯ ಕತ್ತಲು ಪಡಸಾಲೆಯಲ್ಲೂ, ಯಾರಾದರೂ ಬಂದರೆಂದರೆ, ಅವರ ಕೈ ತಾನಾಗಿ ಹಣೆಗೆ ಏರುತ್ತಿತ್ತು.

ನಾನು ಮದುವೆಯಾಗಿ ಧಾರವಾಡದಿಂದ ಆ ವಾಡೆಗೆ ಬಂದಾಗ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕಾಕು ಮತ್ತು ಅವರ ಗಂಡ ಕಾಕಾ ಇದ್ದರು; ಚಿಕ್ಕಮ್ಮ, ಚಿಕ್ಕಪ್ಪ ಎನ್ನುವ ಹಾಗೆ ವಾಡೆಯವರೆಲ್ಲ ಅವರನ್ನು ಕರೆಯುತ್ತಿದ್ದುದೇ ಹಾಗೆ. ಬೆಳಗಾವಿ ಕಡೆಯವರು. ಸುತ್ತೆಲ್ಲ ಮರಾಠಿ ಕೇಳಿ ಕೇಳಿ ತಲೆ ತಿರುಗಿದ್ದ ನನಗೆ, "ಏ ತಂಗಿ, ಹಿಟ್ಟ ಭಾಳ ಅಳಕ ಆಗೇದ, ಇನ್ನೊಂದ ಮುಷ್ಟಿ ಹಾಕ" ಎಂಬ ಅವರ ಮಾತು ತವರಿನ ಬಾಗಿಲು ತೆರೆದಂತಾಯಿತು. ಸಂಜೆ ಎಲ್ಲರ ಒಲೆ ಹೊತ್ತುವ ವೇಳೆಗೆ ಅವರು ಅಂಗಳದಲ್ಲಿ ನಿಂತು ಸೂರಿನ ಮೇಲಿನ ಹೊಗೆ ನೋಡುತ್ತಿದ್ದರು. "ಮೂಲಿಮನ್ಯಾಗ ಹಸಿ ಕಟಗಿ ಹಚ್ಯಾರ. ಪಾಪ, ಆ ಹುಡುಗರಿಗೆ ಇವತ್ತ ಊಟ ತಡಾ" ಎನ್ನುವರು. ಅದು ಎಂದೂ ತಪ್ಪಿದ್ದಿಲ್ಲ.

ಒಂದೇ ವಿಚಿತ್ರ. ಕಾಕು ಗಂಡನ ಜೊತೆ ಕನ್ನಡದಲ್ಲಿ ಮಾತಾಡುವರು, ಕಾಕಾ ಉತ್ತರ ಕೊಡುವುದು ಮರಾಠಿಯಲ್ಲಿ. "ಊಟಕ್ಕ ಬರ್ರಿ" ಅಂದರೆ ಬಂದೆ ಎನ್ನಲು "ಆಲೋ" ಎನ್ನುವರು. ಕಾಕಾಗೆ ಕಣ್ಣು ಕಾಣುತ್ತಿರಲಿಲ್ಲ. ಪರಿಚಯದವರ ಅಂಗಡಿಯಲ್ಲಿ ಕುಳಿತು ಸುತಳಿ ಹೊಸೆಯುತ್ತಿದ್ದರು. ನಮ್ಮ ಜೊತೆ ಕನ್ನಡವನ್ನೇ ಆಡುತ್ತಿದ್ದರು, ಹೆಂಡತಿಯ ಜೊತೆ ಮಾತ್ರ ಇಲ್ಲ. ನನ್ನ ಅತ್ತೆ ಒಮ್ಮೆ ಚೇಷ್ಟೆಗೆ, "ಏನ್ರಿ ಕಾಕಾ, ನಿಮ್ಮ ಲಗ್ನದಾಗ ಭಟ್ಟರು ಮಂತ್ರಾನೂ ಮರಾಠ್ಯಾಗ ಅಂದಿದ್ದರೇನು?" ಎಂದು ಕೇಳಿದರು. ಕಾಕಾ ಸುತಳಿಯಿಂದ ತಲೆ ಎತ್ತಲಿಲ್ಲ. ಕಾಕು ಬಾಯಿಗೆ ಸೆರಗು ಹಿಡಿದು ನಕ್ಕರು; ನಗು ಮುಗಿದ ಮೇಲೂ ಸೆರಗು ಬಾಯಿಯಿಂದ ಕೆಳಗೆ ಬರಲಿಲ್ಲ.

ಕಾಕಾ ತೀರಿಕೊಂಡಾಗಲೂ ಕೊನೆಗೆ ನೀರು ಕೇಳಿದ್ದು "ಪಾಣೀ" ಎಂದೇ.

ಅದಾಗಿ ಕೆಲವು ತಿಂಗಳ ಮೇಲೆ, ಇಬ್ಬರೂ ಕೂತು ಅಕ್ಕಿ ಆರಿಸುವಾಗ ಕಾಕು ತಾವಾಗಿ ಹೇಳಿದರು.

ಭೋರ್‌ನ ಆಚೆ, ಸಂಸ್ಥಾನದ ಅಡವಿಯಲ್ಲಿ, ಗುಡ್ಡದ ನೆತ್ತಿಯ ಮೇಲೆ ಬೆಂಕಿ ಕಾಯುವ ಒಂದು ಅಟ್ಟಣಿಗೆ ಇತ್ತು. ಎಲ್ಲಿಯಾದರೂ ಕಾಡಿಗೆ ಬೆಂಕಿ ಬಿದ್ದರೆ ನೋಡಿ, ತೂಗುಹಾಕಿದ ರೈಲು ಹಳಿಯ ತುಂಡನ್ನು ಬಡಿದು ಕೆಳಗಿನವರಿಗೆ ತಿಳಿಸುವುದು ಕಾಕಾನ ಕೆಲಸ. ಮನೆಯೂ ಅಲ್ಲೇ ಬುಡದಲ್ಲಿ. ಕಾಕಾನ ಕಣ್ಣಿಗೆ ಮೋತಿಬಿಂದು ಬಂದು ದೂರದ್ದು ಮಸುಕಾಯಿತು. ಹೇಳಿದರೆ ಕೆಲಸವೂ ಹೋಯಿತು, ಸೂರೂ ಹೋಯಿತು. ಆಗಿನಿಂದ ಹತ್ತುವವರು ಕಾಕು, ಕೆಳಗೆ ಕಲ್ಲಿನ ಮೇಲೆ ಕೂಡುವವರು ಕಾಕಾ. "ಏನ ಕಾಣಸ್ತದ?" ಎಂದು ಅವರು ಕೇಳುವುದು, ಮೇಲಿನಿಂದ ಇವರು ಹೇಳುವುದು. ಹೊಗೆ ಇಲ್ಲದ ದಿನವೂ ಕಾಕಾ ಬಿಡುತ್ತಿರಲಿಲ್ಲ. ಹದ್ದು, ಮೋಡ, ಹಾದಿ ಹಿಡಿದು ಹೋಗುವ ಎತ್ತಿನ ಗಾಡಿ ಎಲ್ಲವೂ ಬೇಕು. "ನಮ್ಮ ಸಂಸಾರ ಅಂದ್ರ ಅದ ನೋಡ ತಂಗಿ. ಅಷ್ಟ ಮಾತು ಯಾವ ಗಂಡ ಹೆಂಡತಿ ಆಡತಾರ?"

ಅಡವಿ ಖಾತೆಯ ಸಾಹೇಬರು ತಪಾಸಣೆಗೆ ಬಂದಾಗ ಮಾತ್ರ ಕಾಕಾ ಹತ್ತಲೇಬೇಕು. ಅದಕ್ಕೂ ಒಂದು ಉಪಾಯ ಮಾಡಿಕೊಂಡಿದ್ದರು. ಕಾಕು ಕೆಳಗೆ ಮನೆಯ ಕಟ್ಟೆಯ ಮೇಲೆ ಬೀಸುಕಲ್ಲಿಗೆ ಕೂತು, ಬೀಸುವ ಪದದ ಧಾಟಿಯಲ್ಲಿ ಕಂಡದ್ದನ್ನೆಲ್ಲ ಕನ್ನಡದಲ್ಲಿ ಹಾಡುವುದು. ಕನ್ನಡ ಬಾರದ ಸಾಹೇಬರಿಗೆ ಅದು ಹೆಂಗಸರ ಹಾಡು. ಕಾಕಾನಿಗೆ ಅದೇ ಕಣ್ಣು.

ಬೇಸಿಗೆಯಲ್ಲಿ ಆ ಕಡೆ ರೈತರು ಭತ್ತದ ಸಸಿಮಡಿಯ ಮೇಲೆ ಸೊಪ್ಪು ಸಗಣಿ ಹರಡಿ ಸುಡುತ್ತಾರೆ. ಅದಕ್ಕೆ ರಾಬ್ ಎನ್ನುತ್ತಾರೆ. ಸುಡುವ ಮೊದಲು ಅಟ್ಟಣಿಗೆಗೆ ಹೇಳಿ ಕಳಿಸುವುದು ವಾಡಿಕೆ. ಆ ದಿನವೂ ಹೇಳಿ ಕಳಿಸಿದ್ದರು. ಮೇಲೆ ಸಾಹೇಬರು, "ಅಲ್ಲೊಂದು ಹೊಗೆ ಏಳುತ್ತಿದೆಯಲ್ಲ?" ಎಂದರು. ಕಾಕಾ ಧೈರ್ಯವಾಗಿ, "ರಾಬ್, ಸಾಹೇಬ" ಎಂದರು. ಕಾಕು ತಲೆ ಎತ್ತಿ ನೋಡಿದರು. ರಾಬಿನ ಹೊಗೆ ಗದ್ದೆಯ ಮೇಲೆ ನಿಂತಲ್ಲೇ ನಿಲ್ಲುತ್ತದೆ. ಇದು ಇಳಿಜಾರು ಹಿಡಿದು ಧನಗರರ ವಾಡಿಯ ಕಡೆ, ಆ ಕುರುಬರ ಹಟ್ಟಿಯ ಕಡೆ, ನಡೆಯುತ್ತಿತ್ತು. ಬೇಸಿಗೆಯ ಮಧ್ಯಾಹ್ನ, ಗಂಡಸರು ಕುರಿ ಹೊಡೆದುಕೊಂಡು ಹೋಗಿ, ಮನೆಗಳಲ್ಲಿ ಮುದುಕಿಯರು, ಕೂಸುಗಳು.

ಪದವನ್ನು ಅಲ್ಲಿಗೇ ಬಿಟ್ಟರು. ಎದ್ದು ನಿಂತು ಕೂಗಿಬಿಟ್ಟರು, ಅದೂ ಮರಾಠಿಯಲ್ಲಿ: "ಸಾಹೇಬ, ರಾಬ ನಾಹೀ, ವಣವಾ ಆಹೇ! ತ್ಯಾಂನಾ ದಿಸತ ನಾಹೀ!" ರಾಬ್ ಅಲ್ಲ, ಕಾಡ್ಗಿಚ್ಚು, ಅವರಿಗೆ ಕಣ್ಣು ಕಾಣುವುದಿಲ್ಲ.

ಹಳಿ ಬಡಿದರು, ಜನ ಹಸಿ ಕೊಂಬೆ ಹಿಡಿದು ಓಡಿದರು, ವಾಡಿ ಉಳಿಯಿತು. ಸಾಹೇಬರು ಒಂದು ಬಿರುಸು ಮಾತೂ ಆಡಲಿಲ್ಲ, ಕಾವಲಿಗೆ ಬೇರೆಯವರನ್ನು ಹಾಕಿದರು ಅಷ್ಟೆ. ಗಂಟುಮೂಟೆ ಕಟ್ಟುವಾಗ ಕಾಕಾ, "ನಮ್ಮ ಮಾತಿನ್ಯಾಗ ಹೇಳಿದ್ದರ ನಾನ ಸಾಹೇಬರಿಗೆ ಹೇಳತಿದ್ದೆ" ಎಂದರು. ಹೆಂಡತಿಯೊಡನೆ ಅವರು ಆಡಿದ ಕಡೆಯ ಕನ್ನಡ ಅದು.

"ಹಾಡಿದ್ದರ ಮ್ಯಾಲೆ ಕೇಳತಿತ್ತೋ ಇಲ್ಲೋ, ಅದೊಂದು ನನಗ ತಿಳೀಬೇಕ ನೋಡ. ಮೊದಲೆಲ್ಲಾ ಅವರು ಕೇಳಿ ಹೇಳತಿದ್ದರೋ, ಅಂದಾಜಿನ ಮ್ಯಾಲೆ ಹೇಳತಿದ್ದರೋ, ಯಾರಿಗೆ ಗೊತ್ತ. ನಾ ಹಾಡಾಕಿ, ಮ್ಯಾಲೆ ಕೂತ ಕೇಳಿದಾಕಿ ಅಲ್ಲಲಾ" ಎಂದರು ಕಾಕು.

ಮುಂದಿನ ಬೇಸಿಗೆಯಲ್ಲಿ ಇಬ್ಬರೂ ಆ ಗುಡ್ಡಕ್ಕೆ ಹೊರಟೆವು. ಯುದ್ಧದ ಕಾಲ, ಮೋಟಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾತ್ರಜ್ ಘಾಟು ಏರುವಾಗ ಕಾಕು ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಭೋರ್‌ನಿಂದ ಒಂದು ಗಾಡಿ, ಆಮೇಲೆ ನಡಿಗೆ. ಅಟ್ಟಣಿಗೆ ಪಾಳುಬಿದ್ದಿತ್ತು; ಕಾವಲನ್ನು ಬೇರೆ ಗುಡ್ಡಕ್ಕೆ ಒಯ್ದಿದ್ದರಂತೆ. ತೇಗದ ನಾಲ್ಕು ಕಂಬ, ಬೂದಿ ಬಣ್ಣಕ್ಕೆ ತಿರುಗಿದ ಹಲಗೆ, ಹಳಿಯ ತುಂಡಿದ್ದಲ್ಲಿ ಬರೀ ತಂತಿ. ಮನೆ ಬಿದ್ದು ಗೋಡೆಯೊಂದು ಉಳಿದಿತ್ತು. ಕಾಕು ಸೆರಗಿನಿಂದ ಕಟ್ಟೆಯ ಧೂಳು ಝಾಡಿಸಿದರು, ಯಾರೋ ಬರುವವರಿದ್ದಾರೆ ಎನ್ನುವಂತೆ.

"ನೀ ಹತ್ತ ತಂಗಿ. ನನ್ನ ಮೊಣಕಾಲು ಕೇಳೂದಿಲ್ಲ. ಮೂರನೇ ಮೆಟ್ಟಿಲು ಅಲ್ಲಾಡ್ತದ, ಅಂಚಿನ ಮ್ಯಾಲೆ ಕಾಲ ಇಡು."

ಅಲ್ಲಾಡಿತು. ನಾನು ಮೇಲೆ ಹೋಗಿ ಕಂಬ ಹಿಡಿದು ನಿಂತೆ. ಕೆಳಗೆ ಕಾಕು ಕಾಲು ಚಾಚಿ ಕೂತು, ಇಲ್ಲದ ಬೀಸುಕಲ್ಲಿನ ಮೇಲೆ ಬರಿಗೈ ತಿರುಗಿಸುತ್ತ ಹಾಡತೊಡಗಿದರು. ಮುದಿ ಗಂಟಲು, ದೊಡ್ಡ ದನಿಯೂ ಅಲ್ಲ.

"ಪಡುವಣ ಗುಡ್ಡಕ ಬೆಂಕಿ ಹತ್ಯಾದ, ನನ ದೊರಿಯೇ, ರಾಬಲ್ಲ, ಹೇಳ ಸಾಹೇಬಗ..."

ಒಂದೊಂದು ಮಾತೂ ನನಗೆ ಕಿವಿಯಲ್ಲೇ ಹೇಳಿದಂತೆ ಕೇಳಿಸಿತು.

"ಕೇಳಿಸ್ತೇನ?"

ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. "ಕೇಳಿಸ್ತರಿ, ಕಾಕು."

ಅವರ ಕೈ ನಿಂತಿತು. ನಾನು ಇಳಿದು ಬರುವಷ್ಟರಲ್ಲಿ ಮಂಡಿಯ ಮೇಲೆ ಗದ್ದವಿಟ್ಟು ಕೂತಿದ್ದರು. ಸಮಾಧಾನ ಮಾಡಲು, "ಅವತ್ತ ಗಾಳಿ ಇತ್ತೇನೋರಿ. ಗಾಳಿ ಇದ್ದರ ಎಲ್ಲಿ ಕೇಳಸ್ತದ?" ಎಂದೆ.

"ಇದ್ದಿಲ್ಲ ತಂಗಿ. ಗಾಳಿ ಇದ್ದಿದ್ದರ ವಾಡಿ ಉಳೀತಿದ್ದಿಲ್ಲ."

ಇಳಿಯುವಾಗ ಆ ವಾಡಿಯ ಮೇಲೇ ಹಾಯ್ದೆವು. ಒಬ್ಬ ಧನಗರ ಹೆಂಗಸು ಕಾಕುವಿನ ಹಣೆಯ ಪಟ್ಟಿಯನ್ನೇ ನೋಡಿ ಗುರುತು ಹಿಡಿದಳು. ಕಂಬಳಿ ಹಾಸಿ, ಮಜ್ಜಿಗೆ ಕೊಟ್ಟು, ಕೂಸನ್ನು ತಂದು ಕಾಕುವಿನ ಮಡಿಲಲ್ಲಿ ಹಾಕಿದಳು. ಕಾಕು ಅದರ ಅಂಗಾಲನ್ನು ಬಹಳ ಹೊತ್ತು ಸವರುತ್ತಿದ್ದರು. ಮಜ್ಜಿಗೆ ಪೂರ್ತಿ ಕುಡಿದರು.

ಎರಡು ಮಳೆಗಾಲ ಕಳೆದ ಮೇಲೆ ಅವರು ಹಾಸಿಗೆ ಹಿಡಿದರು. ನನ್ನ ಮನೆಯಲ್ಲೇ, ಕಿಟಕಿಯ ಪಕ್ಕಕ್ಕೆ ಮಲಗಿಸಿಕೊಂಡಿದ್ದೆ. ಕಂಡದ್ದನ್ನು ಕಂಡಷ್ಟೇ, ಬಿಡದೆ ಹೇಳುವುದನ್ನು ನನಗೆ ಕಲಿಸಿದವರು ಅವರೇ. ಈ ಪುಟ ಬರೆಯುತ್ತಿರುವುದೂ ಅದೇ ಸಾಲ ತೀರಿಸಲು. ತೀರಿಕೊಳ್ಳುವ ಹಿಂದಿನ ಸಂಜೆ ಅವರ ಕಣ್ಣು ಮುಚ್ಚಿತ್ತು, ಕೈ ಮಾತ್ರ ಹಣೆಯ ಮೇಲಿತ್ತು.

"ಏನ ಕಾಣಸ್ತದ?" ಎಂದು ಕೇಳಿದರು.

ಹೇಳಿದೆ. ಹೆಂಚಿನ ಮೇಲೆ ಎರಡು ಪಾರಿವಾಳ. ಹಗ್ಗದ ಮೇಲೆ ಯಾರದೋ ಧೋತರ. ಸಂಪಿಗೆ ಮರದ ಆಚೆ ಹೊಗೆ.

"ನಡೀತದೇನ, ನಿಂತದೇನ?"

"ನಿಂತದರಿ, ಕಾಕು."

"ಹಂಗಾದ್ರ ಅಡಗಿ ಹೊಗಿ. ಇರಲಿ ಬಿಡು" ಎಂದು, ಹಣೆಯ ಮೇಲಿನ ಕೈ ಇಳಿಸಿದರು.