ಒಗೆದುಬಿಡಿ ಎಂದೆ

ಊರೂರು ತಿರುಗುವಾಗ ನನ್ನ ಬಟ್ಟೆಯನ್ನು ನಾನೇ ಒಗೆದುಕೊಳ್ಳಬೇಕು. ಇದು ನನ್ನ ಹಟ. ಚಳ್ಳಕೆರೆಯ ಲಾಡ್ಜಿನಲ್ಲಿ ಬಕೆಟ್ಟಿನ ಮುಂದೆ ಕೂತು ಎಷ್ಟು ಉಜ್ಜಿದರೂ ಆ ಬೋರ್‌ವೆಲ್ ನೀರಿನಲ್ಲಿ ನೊರೆಯೇ ಬರಲಿಲ್ಲ. ಸೋಪನ್ನೂ ನೀರನ್ನೂ ಒಟ್ಟಿಗೇ ಬೈದು, ಕೊಳೆ ಬಟ್ಟೆಯನ್ನು ಹಾಗೇ ಚೀಲಕ್ಕೆ ತುರುಕಿ ಮೊಳಕಾಲ್ಮುರು ಬಸ್ಸು ಹತ್ತಿದೆ. ದಾರಿಯಲ್ಲಿ ಬಿ.ಜಿ. ಕೆರೆಯಲ್ಲಿ ಗೆಳತಿಯ ತವರುಮನೆ. ಅಲ್ಲಿ ಇಳಿಯುತ್ತೇನೆಂದು ಮೊದಲೇ ಹೇಳಿದ್ದೆ.

ಚೀಲದಲ್ಲಿ ಅಪ್ಪನ ಶರ್ಟೂ ಇತ್ತು. ಅಪ್ಪ ಹೋಗಿ ವರ್ಷವಾಗಿತ್ತು. ಕಾಲರು ಹರಿದಿದೆ, ಬಣ್ಣ ಯಾವುದೆಂದು ಕೇಳಿದರೆ ನನಗೂ ಗೊತ್ತಿಲ್ಲ. ಆದರೆ ಹೊಸ ಜಾಗದಲ್ಲಿ ಅದನ್ನು ತೊಟ್ಟರೇ ನನಗೆ ನಿದ್ದೆ.

ಗೆಳತಿಯ ಮನೆಯ ಹಿತ್ತಲಿನ ಕಲ್ಲಿನ ಮೇಲೆ ಒಂದೊಂದೇ ಒಗೆದು ಹಿಂಡಿ ಹಗ್ಗಕ್ಕೆ ಹಾಕಿದೆ. ಶರ್ಟೊಂದು ಬಾಕಿ ಇರುವಾಗ ಗೆಳತಿ ಊಟಕ್ಕೆ ಕೂಗಿದಳು. ಅಷ್ಟು ಹೊತ್ತೂ ನೋಡುತ್ತ ಕೂತಿದ್ದ ಅವಳ ಅಜ್ಜಿ ಶರ್ಟನ್ನು ಎತ್ತಿ, ಕಾಲರಿನ ತೂತಿನಲ್ಲಿ ಬೆರಳು ತೂರಿಸಿ ಕೇಳಿದರು.

“ಇದನ್ನ ಒಗ್ದು ಬಿಡ್ಲೇನವ್ವ?”

“ಅಯ್ಯೋ, ನಿಮಗ್ಯಾಕೆ ತೊಂದರೆ ಅಜ್ಜಿ?”

“ಇದ್ರಾಗೇನು ತೊಂದ್ರೆ ಐತೆ? ನೀನು ಉಣ್ಣೋಗು.”

ಹಸಿವಿನ ಮುಂದೆ ನನ್ನ ಹಟ ನಿಲ್ಲಲಿಲ್ಲ. “ಸರಿ, ಒಗೆದುಬಿಡಿ” ಎಂದೆ.

ಉಂಡು ಬಂದರೆ ಹಗ್ಗದ ಮೇಲೆ ಶರ್ಟಿಲ್ಲ.

“ಅಜ್ಜಿ, ಶರ್ಟು?”

“ಒಗ್ದೆನಲ್ಲವ್ವ.”

“ಎಲ್ಲಿ ಹಾಕಿದ್ರಿ?”

“ಅಲ್ಲೇ, ರೊಪ್ಪದಾಗೆ.”

ಕುರಿ ಕೂಡುವ ರೊಪ್ಪದಲ್ಲಿ ಒಗೆದ ಬಟ್ಟೆಯನ್ನು ಯಾರಾದರೂ ಹಾಕುತ್ತಾರೆಯೇ? “ಒಣಗಿರುತ್ತಾ?” ಎಂದೆ.

“ಅದ್ಯಾಕೆ ಒಣಗ್ಬೇಕು?” ಎಂದರು ಅಜ್ಜಿ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ತಲೆ ಕೆಟ್ಟಿರುವುದು ನನಗೋ ಅವರಿಗೋ ತಿಳಿಯಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಗೆಳತಿ ಹೊಟ್ಟೆ ಹಿಡಿದು ನಕ್ಕಳು. “ನಮ್ ಕಡೆ ಒಗಿಯೋದು ಅಂದ್ರೆ ಬಿಸಾಕೋದೂ ಹೌದು ಕಣೇ!”

ನಮ್ಮ ಮೈಸೂರು ಕಡೆ ನಾವು ಒಗೆಯುವುದು ಬಟ್ಟೆಯನ್ನು ಮಾತ್ರ, ಅದೂ ಸೋಪು ಹಾಕಿ. ನನಗೆ ನಗು ಬರಲಿಲ್ಲ. ರೊಪ್ಪಕ್ಕೆ ಓಡಿದೆ. ಮೂಲೆಯಲ್ಲಿ ಅಪ್ಪನ ಶರ್ಟಿನ ಮೇಲೆ, ಬೆಳಿಗ್ಗೆಯಷ್ಟೇ ಹುಟ್ಟಿದ ಕುರಿಮರಿಯೊಂದು ತೋಳಿನೊಳಗೆ ಮೂತಿ ತೂರಿಸಿ ಮಲಗಿತ್ತು.

ಹಿಂದೆಯೇ ಬಂದ ಅಜ್ಜಿಗೆ ಗೆಳತಿ ಅದು ತೀರಿಕೊಂಡ ನನ್ನಪ್ಪನದೆಂದು ಹೇಳಿದಳು. ಅಜ್ಜಿಯ ಮುಖ ಸಣ್ಣಗಾಯಿತು. “ನನಗೇನು ಗೊತ್ತು ತಾಯಿ” ಎನ್ನುತ್ತ ಮರಿಯನ್ನು ಎತ್ತಿಕೊಂಡರು. “ತಾ ಇಲ್ಲಿ, ಒಗ್ದು ಕೊಡ್ತೀನಿ.”

ಶರ್ಟನ್ನು ಎದೆಗವಚಿಕೊಂಡು ನಿಂತೆ. ಅದು ನನಗೆ ಬೇಕಿತ್ತು, ತುಂಬ ಬೇಕಿತ್ತು. ಅಜ್ಜಿಯ ಕೈಯಲ್ಲಿ ಮರಿ ನಡುಗುತ್ತ ಸಣ್ಣಗೆ ಅರಚಿತು.

“ಒಗೀಬೇಡಿ ಅಜ್ಜಿ” ಎಂದೆ.

“ಯಾವ ಒಗಿಯೋದವ್ವ?”

ಅದು ನನಗೂ ಗೊತ್ತಿರಲಿಲ್ಲ. ಶರ್ಟನ್ನು ಮತ್ತೆ ಅದೇ ಮೂಲೆಯಲ್ಲಿ ಹಾಸಿದೆ.